ನರಗುಂದದಿಂದ ಮತಗಟ್ಟೆಗೆ

1980ರ ಜನವರಿಯಲ್ಲಿ ಲೋಕಸಭೆಗೆ ಚುನಾವಣೆ ನಡೆದಾಗ ಕರ್ನಾಟಕದ 28 ಕ್ಷೇತ್ರಗಳಲ್ಲಿ 27 ಇಂದಿರಾ ಕಾಂಗ್ರೆಸ್ಸಿನ ಪಾಲಾದವು. ಬೆಂಗಳೂರು ದಕ್ಷಿಣದಲ್ಲಿ ಜನತಾ ಪಕ್ಷದ ಟಿ.ಆರ್. ಶಾಮಣ್ಣ ಒಬ್ಬರು ಹೇಗೋ ಗೆದ್ದುಬಂದರು. ಮೂರು ವರ್ಷ ಕಳೆದು 1983ರ ಜನವರಿ 5ರಂದು ವಿಧಾನಸಭೆಗೆ ಮತದಾನವಾಯಿತು. ಇಂದಿರಾ ಕಾಂಗ್ರೆಸ್ 224ರಲ್ಲಿ 82 ಸ್ಥಾನಕ್ಕೆ ಇಳಿಯಿತು. ಮುಖ್ಯಮಂತ್ರಿ ಆರ್. ಗುಂಡೂರಾವ್ ತಮ್ಮದೇ ಸೋಮವಾರಪೇಟೆಯಲ್ಲಿ ಸೋತರು. ಜನವರಿ 10ರಂದು ಜನತಾ ಪಕ್ಷದ ರಾಮಕೃಷ್ಣ ಹೆಗಡೆ ಪ್ರಮಾಣವಚನ ಸ್ವೀಕರಿಸಿದರು. ಕಾಂಗ್ರೆಸ್ ಎಂಬ ಹೆಸರಿಲ್ಲದ ಪಕ್ಷವೊಂದು ಈ ರಾಜ್ಯದಲ್ಲಿ ಸರ್ಕಾರ ರಚಿಸಿದ್ದು ಅದೇ ಮೊದಲು.

ಇದು ಹೇಗಾಯಿತು ಎಂದು ಕೇಳಿದರೆ ನಮ್ಮಲ್ಲಿ ಒಂದು ಸಿದ್ಧ ಉತ್ತರವಿದೆ: ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗುಂಡು ಹಾರಿಸಿದ ಸರ್ಕಾರ ಉಳಿಯಲಿಲ್ಲ. ರೈತರ ಸಮಾವೇಶಗಳಲ್ಲಿ, ಸಂಪಾದಕೀಯಗಳಲ್ಲಿ, ಯಾವುದೇ ಸರ್ಕಾರಕ್ಕೆ ಎಚ್ಚರಿಕೆ ಕೊಡಬೇಕಾದಾಗೆಲ್ಲ ಈ ಮಾತು ಬರುತ್ತದೆ. ಮಾತು ಸುಳ್ಳಲ್ಲ, ಆದರೆ ಅರ್ಧ. ಗುಂಡು ಹಾರಿದ್ದಕ್ಕೂ ಸರ್ಕಾರ ಬಿದ್ದದ್ದಕ್ಕೂ ನಡುವೆ ಎರಡೂವರೆ ವರ್ಷ ಇತ್ತು. ಆ ಎರಡೂವರೆ ವರ್ಷದಲ್ಲಿ ಸಿಟ್ಟು ಎಲ್ಲೆಲ್ಲಿ ಓಡಾಡಿತು, ಯಾರ ಕೈಗೆ ಸಿಕ್ಕಿತು, ಎಷ್ಟು ಮತವಾಯಿತು, ಎಷ್ಟು ಸೋರಿಹೋಯಿತು ಎಂದು ನೋಡಿದರೆ ಕಥೆ ಬೇರೆಯೇ ಕಾಣುತ್ತದೆ. ಆಮೇಲಿನ ನಲವತ್ತು ವರ್ಷಗಳ ಚುನಾವಣೆಗಳನ್ನೂ ಆ ಬೆಳಕಿನಲ್ಲಿ ನೋಡಬಹುದು.

ಮೊದಲು ಮಲಪ್ರಭೆಯ ಅಚ್ಚುಕಟ್ಟಿಗೆ ಹೋಗಬೇಕು. ನರಗುಂದ, ನವಲಗುಂದ ಎರಡೂ ಆಗ ಧಾರವಾಡ ಜಿಲ್ಲೆಯ ತಾಲ್ಲೂಕುಗಳು. ಸುತ್ತ ಎರೆಹೊಲ. ಜೋಳ, ಗೋಧಿ, ಕಡಲೆ, ಜಯಧರ ಹತ್ತಿ ಬೆಳೆದುಕೊಂಡು ಹಿಂಗಾರಿ ಮಳೆ ನಂಬಿ ಬದುಕುತ್ತಿದ್ದ ಸೀಮೆ. ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಅಣೆಕಟ್ಟು ಎದ್ದು, ಎಪ್ಪತ್ತರ ದಶಕದಲ್ಲಿ ಕಾಲುವೆಗೆ ನೀರು ಬಂತು. ಅದೇ ಹೊತ್ತಿಗೆ ವರಲಕ್ಷ್ಮಿ ಹತ್ತಿಯೂ ಬಂತು. ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಟರಕಿ ಅವರು 1972ರಲ್ಲಿ ಬಿಡುಗಡೆ ಮಾಡಿದ ಸಂಕರಣ ತಳಿ ಅದು. ಉದ್ದನೆಯ ಎಳೆ, ಕೈತುಂಬ ಇಳುವರಿ. ಮೊದಮೊದಲು ಚಿನ್ನದಂಥ ಬೆಲೆ ಸಿಕ್ಕಿತು, ಮನೆ ಕಟ್ಟಿದವರು, ಮಕ್ಕಳ ಮದುವೆ ಮಾಡಿದವರು ಇದ್ದರು. ಆದರೆ ಜಯಧರದ ಹಾಗೆ ಬಿತ್ತಿ ಸುಮ್ಮನೆ ಕೂರುವ ಬೆಳೆಯಲ್ಲ ಅದು. ಪ್ರತಿ ವರ್ಷ ಹೊಸ ಬೀಜ, ಗೊಬ್ಬರ, ಮೇಲಿಂದ ಮೇಲೆ ಔಷಧಿ ಹೊಡೆಯಬೇಕು, ಎಲ್ಲಕ್ಕೂ ರೊಕ್ಕ. ಸೊಸೈಟಿಯಲ್ಲಿ, ಬ್ಯಾಂಕಿನಲ್ಲಿ, ಅಡತಿ ಅಂಗಡಿಯಲ್ಲಿ ಸಾಲ ಬೆಳೆಯಿತು. ದಶಕದ ಕೊನೆಗೆ ಹತ್ತಿಯ ಬೆಲೆ ಬಿತ್ತು.

ಬೆಲೆ ಬಿದ್ದ ಹೊತ್ತಿಗೇ ಸರ್ಕಾರ ತನ್ನ ಲೆಕ್ಕದ ಪುಸ್ತಕ ತೆರೆಯಿತು. ನೀರಿನ ಕರದ ಜೊತೆ ಅಭಿವೃದ್ಧಿ ಕರ ಎಂಬ ಇನ್ನೊಂದು ಬಾಬತ್ತು ಇತ್ತು. ಜನರ ಬಾಯಲ್ಲಿ ಅದು ‘ಬೆಟರ್‌ಮೆಂಟ್ ಲೆವಿ’ ಎಂದೇ ಉಳಿದಿದೆ. ಅದರ ಹಿಂದಿನ ತರ್ಕ ಕಾಗದದ ಮೇಲೆ ತಕರಾರಿಲ್ಲದ್ದು. ಸರ್ಕಾರದ ದುಡ್ಡಿನಲ್ಲಿ ಕಾಲುವೆ ಆಯಿತು, ಅದರಿಂದ ನಿನ್ನ ಹೊಲದ ಬೆಲೆ ಏರಿತು, ಏರಿದ್ದರಲ್ಲಿ ಒಂದು ಪಾಲು ಕೊಡು. ಹೊಲದಲ್ಲಿ ನಿಂತು ನೋಡಿದರೆ ಬೇರೆ ಕಾಣುತ್ತಿತ್ತು. ಅಚ್ಚುಕಟ್ಟು ಎಂದು ಅಧಿಸೂಚನೆಯಲ್ಲಿ ಬಂದ ಸರ್ವೆ ನಂಬರಿಗೆಲ್ಲ ನೀರು ಮುಟ್ಟಿರಲಿಲ್ಲ. ಹೊಲಗಾಲುವೆ ಅಲ್ಲಲ್ಲಿ ಅರ್ಧಕ್ಕೇ ನಿಂತಿತ್ತು, ನೆಲ ಮಟ್ಟ ಮಾಡಿರಲಿಲ್ಲ. ಕಾಲುವೆಯ ತಲೆಯ ಕಡೆ ಎರೆ ನೀರು ಕುಡಿದು ಜೌಗಾದರೆ, ಬಾಲದ ಕಡೆ ಒಣಗಿದ ತೋಡು. ನೀರು ಕಂಡವನಿಗೂ ಕಾಣದವನಿಗೂ ಒಂದೇ ನೋಟಿಸು ಬಂತು, ಹಳೆಯ ಬಾಕಿ ಸೇರಿಸಿ. ನೀರ ಬಂದಿಲ್ಲ, ಕರಾ ಯಾಕ ತುಂಬೂಣು ಎಂಬ ಪ್ರಶ್ನೆಗೆ ತಲಾಠಿಯ ಹತ್ತಿರ ಉತ್ತರವಿರಲಿಲ್ಲ. ಅವನ ಕೈಯಲ್ಲಿ ಇದ್ದದ್ದು ಪಟ್ಟಿ ಮಾತ್ರ.

1980ರ ಬೇಸಿಗೆಯಲ್ಲಿ ರೈತರು ಮಲಪ್ರಭಾ ಅಚ್ಚುಕಟ್ಟು ಪ್ರದೇಶದ ಸಮನ್ವಯ ಸಮಿತಿ ಕಟ್ಟಿಕೊಂಡು ಅರ್ಜಿ ಕೊಟ್ಟರು, ಮೆರವಣಿಗೆ ಮಾಡಿದರು, ಕಚೇರಿಗಳ ಮುಂದೆ ಧರಣಿ ಕೂತರು. ಜುಲೈ 21ರಂದು ಎರಡೂ ಊರು ಬಂದ್. ನರಗುಂದದಲ್ಲಿ ಕಚೇರಿಯ ಬಾಗಿಲಿಗೆ ಅಡ್ಡ ಮಲಗಿದ್ದ ರೈತರನ್ನು ತಹಶೀಲ್ದಾರರು ತುಳಿದು ದಾಟಿ ಒಳಗೆ ಹೋದರು, ಅಲ್ಲಿಂದಲೇ ಕಿಚ್ಚು ಹತ್ತಿತು ಎಂದು ಆ ಸೀಮೆಯಲ್ಲಿ ಹೇಳುತ್ತ ಬಂದಿದ್ದಾರೆ. ಆಮೇಲೆ ಕಲ್ಲು, ಲಾಠಿ, ಬೆಂಕಿ, ಗುಂಡು. ನರಗುಂದದಲ್ಲಿ ಈರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಗುಂಡಿಗೆ ಬಲಿಯಾದರು. ನರಗುಂದದಲ್ಲಿ ಪೊಲೀಸರ ಪ್ರಾಣವೂ ಹೋಯಿತು. ಹುತಾತ್ಮರ ದಿನದ ಭಾಷಣಗಳಲ್ಲಿ ಈ ಕೊನೆಯ ಸಂಗತಿ ಬಹುಮಟ್ಟಿಗೆ ಬರುವುದಿಲ್ಲ. ಬರಬೇಕು ಎಂದು ನನ್ನ ಅಭಿಪ್ರಾಯ. ಆ ದಿನದ ಸಿಟ್ಟು ಎಂಥದಾಗಿತ್ತು ಎಂಬುದು ಅದನ್ನು ಬಿಟ್ಟರೆ ತಿಳಿಯುವುದಿಲ್ಲ.

ಕರದ ಮೊತ್ತವನ್ನಷ್ಟೇ ಇಟ್ಟುಕೊಂಡು ಈ ಬಂಡಾಯವನ್ನು ವಿವರಿಸುವವರು ಒಂದು ಮುಖ್ಯ ವಿಷಯ ಬಿಡುತ್ತಾರೆ. ಕರ ಹೊಸದಲ್ಲ, ಸಾಲವೂ ಹೊಸದಲ್ಲ. ಬರಗಾಲ ಕಂಡ ಸೀಮೆ ಅದು, ಅದಕ್ಕಿಂತ ದೊಡ್ಡ ಕಷ್ಟಗಳನ್ನು ಸದ್ದಿಲ್ಲದೆ ನುಂಗಿದೆ. ನುಂಗಲಾಗದ್ದು ಬಾಗಿಲಿಗೆ ಬಂದವನ ದನಿ. ಬಾಕಿಗಾಗಿ ಪಾತ್ರೆ ಪಗಡ ಹೊತ್ತೊಯ್ಯುವುದು, ಬಾಗಿಲ ಹಲಗೆಯನ್ನೇ ಕಿತ್ತು ಜಪ್ತಿ ಮಾಡುವುದು, ಚಾವಡಿಗೆ ಕರೆಸಿ ನಾಲ್ಕು ಜನರ ಮುಂದೆ ಏಕವಚನದಲ್ಲಿ ಮಾತಾಡುವುದು. ಸೊಸೈಟಿಯ ಪುಸ್ತಕದಲ್ಲಿ ಸಾಲ ಇದ್ದರೆ ಅದು ನಿನ್ನ ನನ್ನ ನಡುವಿನ ವ್ಯವಹಾರ. ಬಾಗಿಲು ಕಿತ್ತರೆ ಇಡೀ ಓಣಿ ನೋಡುತ್ತದೆ. ರೈತ ಸಂಘ ಮುಂದೆ ಹುಡುಕಿಕೊಂಡ ಹೋರಾಟದ ಪರಿಯೆಲ್ಲ ಈ ಅವಮಾನಕ್ಕೇ ಉತ್ತರವಾಗಿತ್ತು ಎಂಬುದನ್ನು ಗಮನಿಸಬೇಕು.

1980ರಲ್ಲೇ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಹುಟ್ಟಿದ್ದು ಮಲಪ್ರಭೆಯ ದಂಡೆಯಲ್ಲಲ್ಲ, ಶಿವಮೊಗ್ಗದಲ್ಲಿ. ಭದ್ರಾವತಿ ಕಡೆಯ ಕಬ್ಬು ಬೆಳೆಗಾರರ ಸಂಘಟನೆ ಅದರ ಬೇರು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ, ಕಾನೂನು ಪ್ರಾಧ್ಯಾಪಕರಾಗಿದ್ದ ಎಂ.ಡಿ. ನಂಜುಂಡಸ್ವಾಮಿ ಅದರ ಮುಂದಾಳುಗಳು. ಹೆಚ್ಚಿನವರು ಶಾಂತವೇರಿ ಗೋಪಾಲಗೌಡರ ಸಮಾಜವಾದಿ ಪಾಠಶಾಲೆಯಲ್ಲಿ ಬೆಳೆದವರು. ಹೆಗಲ ಮೇಲೆ ಹಸಿರು ಟವೆಲ್ಲು ಬಂತು. ಊರ ಬಾಗಿಲಲ್ಲಿ ಬೋರ್ಡು ಬಂತು: ಅನುಮತಿ ಇಲ್ಲದೆ ಸಾಲ ವಸೂಲಿಯ ಅಧಿಕಾರಿಗಳು ಊರೊಳಗೆ ಬರುವಂತಿಲ್ಲ. ಜಪ್ತಿಗೆ ಪ್ರತಿಯಾಗಿ ಮರುಜಪ್ತಿ. ಒಯ್ದ ಸಾಮಾನನ್ನು ರೈತರೇ ಗುಂಪಾಗಿ ಹೋಗಿ ಕಚೇರಿಯಿಂದ ವಾಪಸು ತರುವುದು. ಅಧಿಕಾರಿ ರೈತನನ್ನು ಕಾಯಿಸುತ್ತಿದ್ದ ಜಾಗದಲ್ಲಿ ಈಗ ರೈತ ಅಧಿಕಾರಿಯನ್ನು ಕಾಯಿಸತೊಡಗಿದ. ಇದರಿಂದ ಸಾಲ ಎಷ್ಟು ತೀರಿತೋ ಬಿಟ್ಟಿತೋ, ಹಳ್ಳಿಯಲ್ಲಿ ಸರ್ಕಾರ ಎಂದರೆ ಇದ್ದ ಅಂಜಿಕೆ ಮಾತ್ರ ಹೋಯಿತು. 1981ರ ವಸಂತದಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಶರದ್ ಜೋಶಿಯವರ ನೇತೃತ್ವದಲ್ಲಿ ಹೆದ್ದಾರಿಯಲ್ಲೇ ಬಿಡಾರ ಹೂಡಿದರು. ಅಲ್ಲೂ ಗುಂಡು ಹಾರಿತು, ಅಲ್ಲೂ ಹೆಣ ಬಿದ್ದವು. ಅದೇ ವರ್ಷದ ಆರಂಭದಲ್ಲಿ ಎಡಪಕ್ಷಗಳು ಮತ್ತು ಅವುಗಳ ಜೊತೆಗಾರರು ನರಗುಂದದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು. ಬೆಂಗಳೂರಿನಲ್ಲಿ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ ಮುಂತಾದ ಕಾರ್ಖಾನೆಗಳ ಕಾರ್ಮಿಕರು 77 ದಿನ ಮುಷ್ಕರ ಹೂಡಿದ್ದರು. ಅವರ ಜಗಳ ದೆಹಲಿಯ ಜೊತೆಗಿತ್ತು. ಆದರೆ ದೆಹಲಿಯಲ್ಲೂ ಬೆಂಗಳೂರಿನಲ್ಲೂ ಒಂದೇ ಪಕ್ಷ ಕೂತಿದ್ದರಿಂದ ಜನ ಆ ವ್ಯತ್ಯಾಸವನ್ನು ತೀರ ಹಚ್ಚಿಕೊಳ್ಳಲಿಲ್ಲ.

ಕಾಕತಾಳೀಯವೆನ್ನಿ, 1980ರ ಅದೇ ಜುಲೈ ತಿಂಗಳಲ್ಲಿ ಇನ್ನೆರಡು ಸಂಗತಿ ಆರಂಭವಾದವು. ವಿ.ಕೃ. ಗೋಕಾಕರ ಅಧ್ಯಕ್ಷತೆಯಲ್ಲಿ ಭಾಷಾ ಸಮಿತಿಯನ್ನು ಸರ್ಕಾರ ನೇಮಿಸಿತು. ಪಿ. ಲಂಕೇಶ್ ತಮ್ಮ ವಾರಪತ್ರಿಕೆ ಶುರು ಮಾಡಿದರು. ಒಂದಕ್ಕೊಂದು ಸಂಬಂಧವಿಲ್ಲ. ನರಗುಂದದ ರೈತನಿಗೆ ಪ್ರೌಢಶಾಲೆಯ ಪ್ರಥಮ ಭಾಷೆ ಯಾವುದು ಎಂಬ ಚಿಂತೆ ಇರಲಿಲ್ಲ. ಧಾರವಾಡದ ಪ್ರಾಧ್ಯಾಪಕರಿಗೆ ಅಭಿವೃದ್ಧಿ ಕರದ ನೋಟಿಸು ಬಂದಿರಲಿಲ್ಲ. ಆದರೂ 1982ರ ಹೊತ್ತಿಗೆ ಮೂರೂ ಒಂದೇ ಮುಖ್ಯಮಂತ್ರಿಯ ಕಡೆ ಬೆರಳು ಮಾಡುತ್ತಿದ್ದವು.

ಗೋಕಾಕ್ ಚಳವಳಿಯ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಚಿಕ್ಕದಾಗಿ ಹೇಳುತ್ತೇನೆ. ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡು, ಸುಲಭವಾಗಿ ಅಂಕ ಗಿಟ್ಟಿಸಿ, ಕನ್ನಡ ಕಲಿಯದೆಯೇ ಪಾಸಾಗುವ ದಾರಿ ಇತ್ತು. ಸಮಿತಿ ನೇಮಕವಾದಾಗ ಧಾರವಾಡದ ಸಾಹಿತಿಗಳಿಗೆ ಅದರ ಮೇಲೆ ನಂಬಿಕೆಯೇ ಇರಲಿಲ್ಲ. 1981ರ ಜನವರಿಯಲ್ಲಿ ಬಂದ ವರದಿ ಕನ್ನಡವೇ 150 ಅಂಕದ ಏಕೈಕ ಪ್ರಥಮ ಭಾಷೆಯಾಗಬೇಕು ಎಂದಾಗ, ಗೋಕಾಕರನ್ನು ಅನುಮಾನಿಸಿದವರೇ ಗೋಕಾಕ್ ವರದಿಯ ಕಾವಲುಗಾರರಾದರು. ಸರ್ಕಾರ ವರದಿಯನ್ನು ಒಂದು ವರ್ಷಕ್ಕೂ ಮೇಲೆ ಕಪಾಟಿನಲ್ಲಿಟ್ಟಿತು. ಪಾಟೀಲ ಪುಟ್ಟಪ್ಪ, ಚಂದ್ರಶೇಖರ ಪಾಟೀಲ, ಚಿದಾನಂದಮೂರ್ತಿ ಮೊದಲಾದವರು ಹೊತ್ತುಕೊಂಡಿದ್ದ ಚಳವಳಿಗೆ 1982ರಲ್ಲಿ ರಾಜ್‌ಕುಮಾರ್ ಬಂದರು. ಊರೂರಿಗೂ ಹೋದರು. ಆಮೇಲೆ ಅದು ಸಾಹಿತಿಗಳ ಚಳವಳಿಯಾಗಿ ಉಳಿಯಲಿಲ್ಲ. ಜುಲೈ 20ರಂದು ಸರ್ಕಾರ ಆದೇಶ ಹೊರಡಿಸಿತು.

ಇಲ್ಲಿ ಎರಡು ವಿಷಯ ಹೇಳಬೇಕು. ಒಂದು, ಬೇಡಿಕೆ ಈಡೇರಿದರೂ ಸರ್ಕಾರಕ್ಕೆ ಅದರ ಶ್ರೇಯಸ್ಸು ಸಿಗಲಿಲ್ಲ. ಕೊಡಬೇಕಾದಾಗ ಕೊಡದೆ, ಕಿತ್ತುಕೊಂಡ ಮೇಲೆ ಕೊಟ್ಟೆ ಎಂದರೆ ಯಾರೂ ಕೈ ಮುಗಿಯುವುದಿಲ್ಲ. ಅಭಿವೃದ್ಧಿ ಕರದ ವಸೂಲಿ ತಡೆಹಿಡಿದಾಗಲೂ ಹೀಗೇ ಆಗಿತ್ತು. ಇನ್ನೊಂದು, ಒಬ್ಬರ ಅಸಮಾಧಾನ ತೀರಿಸಿದ ಆದೇಶ ಇನ್ನೊಬ್ಬರ ಆತಂಕವಾಯಿತು. ಉರ್ದು, ಮರಾಠಿ, ತಮಿಳು ಮನೆಮಾತಿನವರು ತಮ್ಮ ಮಕ್ಕಳ ಗತಿ ಏನು ಎಂದರು, ಕೋರ್ಟಿಗೆ ಹೋದರು. 1989ರಲ್ಲಿ ಹೈಕೋರ್ಟು ಆ ಭಾಷಾನೀತಿಯ ಮುಖ್ಯ ಭಾಗಗಳನ್ನು ತಳ್ಳಿಹಾಕಿತು. ‘ಜನ’ ಎಂದು ಏಕವಚನದಲ್ಲಿ ಬರೆಯುವಾಗ ನಾವು ಇಂಥವನ್ನೆಲ್ಲ ಮರೆತುಬಿಡುತ್ತೇವೆ.

ಲಂಕೇಶರದು ಬೇರೆ ಕೆಲಸ. ಜಾಹೀರಾತಿಲ್ಲದ ಆ ಪತ್ರಿಕೆ ತಾಲ್ಲೂಕು ಮಟ್ಟದ ಚಹಾದಂಗಡಿಗಳಲ್ಲಿ, ಹಾಸ್ಟೆಲುಗಳಲ್ಲಿ ಕೈಯಿಂದ ಕೈಗೆ ಹೋಗುತ್ತಿತ್ತು. ಅಷ್ಟು ದಿನ ಕನ್ನಡ ಪತ್ರಿಕೆಗಳಲ್ಲಿ ಮುಖ್ಯಮಂತ್ರಿ ಎಂದರೆ ‘ಮಾನ್ಯ’. ಲಂಕೇಶ್ ಗುಂಡೂರಾಯರನ್ನು ‘ಗುಂ’ ಎಂದರು, ಬಂಗಾರಪ್ಪನವರನ್ನು ‘ಬಂ’ ಎಂದರು. ಇದು ಬರೀ ಕುಚೋದ್ಯ ಎಂದು ತಳ್ಳಿಹಾಕಿದವರು ಆಗಲೂ ಇದ್ದರು. ನನಗೆ ಹಾಗನ್ನಿಸುವುದಿಲ್ಲ. ಊರ ಬಾಗಿಲಲ್ಲಿ ಬೋರ್ಡು ಹಾಕಿದ ರೈತ ಮತ್ತು ಮುಖ್ಯಮಂತ್ರಿಯನ್ನು ಒಂದಕ್ಷರಕ್ಕೆ ಇಳಿಸಿದ ಸಂಪಾದಕ ಮಾಡಿದ್ದು ಒಂದೇ ಕೆಲಸವನ್ನು. ಬೇರೆ ಬೇರೆ ಊರಿನ, ಬೇರೆ ಬೇರೆ ಕಾರಣದ ಸಿಟ್ಟುಗಳಿಗೆ ಒಂದೇ ವಿಳಾಸ ಸಿಕ್ಕಿತು.

ವಿಳಾಸದಾರರೂ ಅದಕ್ಕೆ ತಮ್ಮ ಕೈಲಾದ ಸಹಾಯ ಮಾಡಿದರು. ಗುಂಡೂರಾವ್ ಕುಶಾಲನಗರದ ಪುರಸಭೆಯಿಂದ ಮೇಲೆ ಬಂದವರು. ಮಾತು ಒರಟು, ನಿರ್ಧಾರ ಚುರುಕು, ಸ್ನೇಹಕ್ಕೆ ಗಟ್ಟಿ ಎಂದು ಅವರನ್ನು ಬಲ್ಲವರು ಹೇಳುತ್ತಿದ್ದರು. ಆದರೆ ಅವರ ಸರ್ಕಾರ ಹುಟ್ಟಿದ ಬಗೆಯೇ ಅದರ ದೌರ್ಬಲ್ಯ. 1978ರಲ್ಲಿ ಜನ ಗೆಲ್ಲಿಸಿದ್ದು ದೇವರಾಜ ಅರಸರ ನಾಯಕತ್ವದ ಪಕ್ಷವನ್ನು. 1979ರಲ್ಲಿ ಅರಸು ಇಂದಿರಾ ಗಾಂಧಿಯವರಿಂದ ದೂರವಾದರು. 1980ರ ಲೋಕಸಭಾ ಫಲಿತಾಂಶ ಹೊರಬಿದ್ದದ್ದೇ ತಡ, ಅರಸರ ಶಾಸಕರು ಸಾಲುಸಾಲಾಗಿ ಪಾಳಯ ಬದಲಿಸಿದರು. ಗುಂಡೂರಾಯರು ಮುಖ್ಯಮಂತ್ರಿಯಾದದ್ದು ಆ ದಾಟಾಟದಿಂದ, ವಿಧಾನಸಭಾ ಚುನಾವಣೆಯಿಂದಲ್ಲ. ಹೈಕಮಾಂಡಿಗೆ ತೋರಿದ ನಿಷ್ಠೆಯನ್ನು ಅವರು ಬಚ್ಚಿಡಲೂ ಇಲ್ಲ. ಪತ್ರಕರ್ತರನ್ನು ಅರಬ್ಬೀ ಸಮುದ್ರಕ್ಕೆ ಎಸೆಯಬೇಕು ಎಂಬ ಮಾತು ಅವರ ಹೆಸರಿಗೆ ಅಂಟಿಕೊಂಡದ್ದು ಕೊನೆಯವರೆಗೂ ಬಿಡಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ನಮ್ಮ ದಂತಕಥೆ ತಡವರಿಸುವುದು ಇಲ್ಲೇ. 1978ರಲ್ಲಿ ಇಂದಿರಾ ಕಾಂಗ್ರೆಸ್ಸಿಗೆ ವಿಧಾನಸಭೆಯಲ್ಲಿ 149 ಸ್ಥಾನ, ಸುಮಾರು ಶೇ 44 ಮತ. 1983ರಲ್ಲಿ 82 ಸ್ಥಾನ, ಸುಮಾರು ಶೇ 40 ಮತ. ಗುಂಡೇಟು, ಭಾಷಾ ಚಳವಳಿ, ಮುಷ್ಕರ, ಪತ್ರಿಕೆಗಳ ಟೀಕೆ ಎಲ್ಲ ಸೇರಿ ಕಿತ್ತದ್ದು ನೂರರಲ್ಲಿ ನಾಲ್ಕು ಮತ. 95 ಸ್ಥಾನ ಗೆದ್ದು ಸರ್ಕಾರ ರಚಿಸಿದ ಜನತಾ ಪಕ್ಷಕ್ಕೆ ಬಂದದ್ದು ಸುಮಾರು ಶೇ 33. ಸೋತ ಪಕ್ಷಕ್ಕಿಂತ ಗೆದ್ದ ಪಕ್ಷಕ್ಕೆ ಕಡಿಮೆ ಮತ! ಬಿಜೆಪಿಗೆ 18 ಸ್ಥಾನ, ಎರಡು ಕಮ್ಯುನಿಸ್ಟ್ ಪಕ್ಷಗಳಿಗೆ ಮೂರು ಮೂರು, ಪಕ್ಷೇತರರು 22. ಇವರೆಲ್ಲರ ಹೆಗಲ ಮೇಲೆ ಹೆಗಡೆ ಸರ್ಕಾರ ನಿಂತಿತು.

ಹಾಗಾದರೆ ಸಿಟ್ಟು ಸುಳ್ಳೇ? ಅಲ್ಲ. ಸಿಟ್ಟು ಎಷ್ಟು ಮತಗಳನ್ನು ಕದಲಿಸಿತು ಎಂಬುದಕ್ಕಿಂತ ಯಾರು ಯಾರನ್ನು ಒಂದೇ ಜಗಲಿಗೆ ತಂದಿತು ಎಂಬುದು ಮುಖ್ಯ ಎಂದು ನನ್ನ ವಾದ. ಅರಸರ ಹಿಂದೆ ನಿಂತಿದ್ದ ಹಿಂದುಳಿದ ವರ್ಗಗಳವರು ಮತ್ತು ಜನತಾ ಪಕ್ಷದ ಹಿಂದಿದ್ದ ಲಿಂಗಾಯತ, ಒಕ್ಕಲಿಗ ಮುಖಂಡರು ಎಪ್ಪತ್ತರ ದಶಕ ಪೂರ್ತಿ ಹಾವು ಮುಂಗುಸಿಯ ಹಾಗಿದ್ದವರು. ಭೂಸುಧಾರಣೆ, ಹಿಂದುಳಿದ ವರ್ಗಗಳ ಮೀಸಲಾತಿಯ ಹಾವನೂರ ವರದಿ ಎಲ್ಲದರಲ್ಲೂ ಎದುರುಬದುರು. ಅರಸರು ಕಟ್ಟಿದ ಕರ್ನಾಟಕ ಕ್ರಾಂತಿರಂಗ, 1982ರ ಜೂನ್‌ನಲ್ಲಿ ಅವರು ತೀರಿಕೊಂಡ ಮೇಲೆ ಬಂಗಾರಪ್ಪನವರ ಕೈಯಲ್ಲಿತ್ತು. ಆ ಕ್ರಾಂತಿರಂಗ ಜನತಾ ಪಕ್ಷದ ಜೊತೆ ಸೇರಿ ಸ್ಪರ್ಧಿಸಿದ್ದು ಸಾಮಾನ್ಯ ದಿನಗಳಲ್ಲಿ ಊಹಿಸಲಾಗದ ಹೊಂದಾಣಿಕೆ. ಗುಂಡೂರಾಯರ ಮೇಲಿನ ಸಿಟ್ಟು ಅವರಿಬ್ಬರ ಹಳೆಯ ವೈರವನ್ನು ಒಂದು ಚುನಾವಣೆಯ ಮಟ್ಟಿಗೆ ಮುಚ್ಚಿತು. ಒಂದು ಚುನಾವಣೆಯ ಮಟ್ಟಿಗೆ ಮಾತ್ರ. ಮುಖ್ಯಮಂತ್ರಿ ಯಾರು ಎಂಬ ಪ್ರಶ್ನೆ ಬಂದದ್ದೇ ಕೂಟ ಬಿರುಕು ಬಿಟ್ಟು, ಬಂಗಾರಪ್ಪ ಮತ್ತೆ ಕಾಂಗ್ರೆಸ್ಸಿನ ದಾರಿ ಹಿಡಿದರು.

ಮತದಾರನೂ ನಾವು ತಿಳಿದಷ್ಟು ಕುರುಡು ಸಿಟ್ಟಿನವನಲ್ಲ. 1984ರ ಡಿಸೆಂಬರಿನಲ್ಲಿ, ಇಂದಿರಾ ಹತ್ಯೆಯ ನಂತರದ ಲೋಕಸಭಾ ಚುನಾವಣೆಯಲ್ಲಿ, ಇದೇ ಕರ್ನಾಟಕ ಕಾಂಗ್ರೆಸ್ಸಿಗೆ 28ರಲ್ಲಿ 24 ಕೊಟ್ಟಿತು. ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚಿನಲ್ಲಿ ಅದೇ ಜನ ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ನಡುವೆ ಮೂರೇ ತಿಂಗಳು. ಗುಂಡೂರಾಯರ ಕಥೆಯೂ ಸೋಮವಾರಪೇಟೆಯಲ್ಲಿ ಮುಗಿಯಲಿಲ್ಲ. 1989ರಲ್ಲಿ ಅವರು ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಗೆದ್ದು ಹೋದರು. ಆ ವರ್ಷ ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ 178 ಸ್ಥಾನ, ಜನತಾದಳಕ್ಕೆ 24. ಐದು ವರ್ಷ ಬಿಟ್ಟು ಕಾಂಗ್ರೆಸ್ಸಿಗೇ 34.

ಸರ್ಕಾರವನ್ನು ನಡುಗಿಸಿದ ಚಳವಳಿಗಳು ತಾವೇ ಅಖಾಡಕ್ಕೆ ಇಳಿದಾಗ ಏನಾಯಿತು? ರೈತ ಸಂಘ 1989ರಲ್ಲಿ ಕಿತ್ತೂರು ಮತ್ತು ಧಾರವಾಡ ಗ್ರಾಮೀಣ ಕ್ಷೇತ್ರಗಳನ್ನು ಗೆದ್ದಿತು. ಎರಡೂ ಕಡೆ ಗೆದ್ದವರು ಬಾಬಾಗೌಡ ಪಾಟೀಲರೇ. ಅವರು ಬಿಟ್ಟುಕೊಟ್ಟ ಒಂದು ಕ್ಷೇತ್ರದಿಂದ ನಂಜುಂಡಸ್ವಾಮಿ ವಿಧಾನಸಭೆಗೆ ಬಂದರು. ಆಮೇಲೆ ಮಂಡ್ಯ ಸೀಮೆಯಲ್ಲಿ ಕೆ.ಎಸ್. ಪುಟ್ಟಣ್ಣಯ್ಯ, ಈಚೆಗೆ ಅವರ ಮಗ ದರ್ಶನ್. ಬಾಬಾಗೌಡರು ಮುಂದೆ ಬಿಜೆಪಿ ಸೇರಿ ಕೇಂದ್ರದಲ್ಲಿ ಮಂತ್ರಿಯಾದರು. ರಾಜ್‌ಕುಮಾರ್ ಚುನಾವಣೆಯ ಹತ್ತಿರವೇ ಸುಳಿಯಲಿಲ್ಲ. ಕರ್ನಾಟಕದ ಜೊತೆಗೇ ಮತದಾನ ನಡೆದ ಆಂಧ್ರದಲ್ಲಿ ಎನ್.ಟಿ. ರಾಮರಾವ್ ವರ್ಷ ತುಂಬದ ಪಕ್ಷವನ್ನು ಅಧಿಕಾರಕ್ಕೆ ತಂದದ್ದನ್ನು ನೆನೆದರೆ ಇಲ್ಲಿನ ಹಾದಿ ಎಷ್ಟು ಬೇರೆ ಎಂದು ತಿಳಿಯುತ್ತದೆ. ಈಗ ಜುಲೈ 21 ಬಂತೆಂದರೆ ನರಗುಂದದ ವೀರಗಲ್ಲಿಗೆ ಮಾಲೆ ಹಾಕಲು ಆಳುವ ಪಕ್ಷದವರು ಒಂದು ಹೊತ್ತಿಗೆ, ವಿರೋಧ ಪಕ್ಷದವರು ಇನ್ನೊಂದು ಹೊತ್ತಿಗೆ ಬರುತ್ತಾರೆ. ರೈತ ಸಂಘದ ಬಣಗಳು ತಮ್ಮ ತಮ್ಮ ಹಸಿರು ಟವೆಲ್ಲಿನಲ್ಲಿ ಬೇರೆ ಬೇರೆಯಾಗಿ ಬರುತ್ತವೆ. ಮೈಕಿನಲ್ಲಿ ಎಲ್ಲರದೂ ಒಂದೇ ಎಚ್ಚರಿಕೆ: ರೈತರನ್ನು ಕೆಣಕಿದ ಸರ್ಕಾರ ಉಳಿದದ್ದಿಲ್ಲ.

ಉಳಿದದ್ದಿದೆ. 2008ರ ಮೇ 30ರಂದು ಬಿ.ಎಸ್. ಯಡಿಯೂರಪ್ಪನವರ ಸರ್ಕಾರ ಅಧಿಕಾರಕ್ಕೆ ಬಂತು. ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಲು ಸೇರಿದ್ದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಇಬ್ಬರು ಸತ್ತರು. ನರಗುಂದದ ಲೆಕ್ಕಾಚಾರದ ಪ್ರಕಾರ ಆ ಸರ್ಕಾರದ ದಿನ ಎಣಿಸಬೇಕಿತ್ತು. ಆದರೆ ಮರುವರ್ಷ ಲೋಕಸಭೆಯಲ್ಲಿ ಬಿಜೆಪಿ ರಾಜ್ಯದ 28ರಲ್ಲಿ 19 ಗೆದ್ದಿತು. 2013ರಲ್ಲಿ ಆ ಪಕ್ಷ 40ಕ್ಕೆ ಕುಸಿದದ್ದು ನಿಜ, ಆದರೆ ಅದಕ್ಕೆ ಜನ ಹೇಳುವ ಕಾರಣ ಗಣಿ, ಜೈಲು, ಯಡಿಯೂರಪ್ಪನವರು ಬೇರೆ ಪಕ್ಷ ಕಟ್ಟಿದ್ದು. ಹಾವೇರಿಯ ಹೆಸರು ಯಾರೂ ಎತ್ತುವುದಿಲ್ಲ. ಅಲ್ಲಿಯ ಸಿಟ್ಟನ್ನು ಹೊತ್ತು ಊರೂರು ತಿರುಗುವ ಸಂಘಟನೆ ಆಗ ಒಗ್ಗಟ್ಟಾಗಿ ಇರಲಿಲ್ಲ, ಅದನ್ನು ಬೇರೆಯ ಸಿಟ್ಟಿಗೆ ಜೋಡಿಸುವ ವಿರೋಧ ಪಕ್ಷವೂ ಇರಲಿಲ್ಲ.

ಮಲಪ್ರಭೆಯ ಸೀಮೆಯಲ್ಲೇ ಇನ್ನೊಂದು ಬಗೆಯ ತೊಡಕು ಕಂಡಿತು. 2015ರ ಜುಲೈನಲ್ಲಿ ನರಗುಂದದಲ್ಲಿ ಕಳಸಾ–ಬಂಡೂರಿ ಧರಣಿಯ ಪೆಂಡಾಲು ಎದ್ದಿತು. ಕಾಲುವೆ ಇದೆ, ಅಣೆಕಟ್ಟು ಇದೆ, ಆದರೆ ಅಣೆಕಟ್ಟು ತುಂಬುವುದೇ ಅಪರೂಪ. ಮಹಾದಾಯಿಯ ನೀರು ತಿರುಗಿಸಿ ಎಂಬುದು ಬೇಡಿಕೆ. 2016ರ ಜುಲೈ 27ರಂದು ನ್ಯಾಯಮಂಡಳಿ 7.56 ಟಿಎಂಸಿ ಅಡಿ ನೀರಿನ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿದಾಗ ನವಲಗುಂದ ಹೊತ್ತಿ ಉರಿಯಿತು. ಯಮನೂರಿನಲ್ಲಿ ಪೊಲೀಸರು ಮನೆಗಳಿಗೆ ನುಗ್ಗಿ ಹೆಂಗಸರನ್ನೂ ಮುದುಕರನ್ನೂ ಹೊಡೆದರು. ಆದರೆ ಸಿಟ್ಟು ಯಾರ ಮೇಲೆ? ಬೆಂಗಳೂರಿನಲ್ಲಿ ಕಾಂಗ್ರೆಸ್, ದೆಹಲಿಯಲ್ಲಿ ಬಿಜೆಪಿ, ಪಣಜಿಯಲ್ಲೂ ಬಿಜೆಪಿ, ನಡುವೆ ಒಂದು ನ್ಯಾಯಮಂಡಳಿ. ರಾಜ್ಯದವರು ಪ್ರಧಾನಿ ಮಧ್ಯಸ್ಥಿಕೆ ವಹಿಸಲಿ ಎಂದರು, ಬಿಜೆಪಿಯವರು ಗೋವಾ ಕಾಂಗ್ರೆಸ್ಸನ್ನು ಮೊದಲು ಒಪ್ಪಿಸಿ ಎಂದರು. 2018ರಲ್ಲಿ ನರಗುಂದ, ನವಲಗುಂದ ಎರಡೂ ಬಿಜೆಪಿಯ ಪಾಲಾದವು. ಪೆಂಡಾಲಿನಲ್ಲಿ ಕೂತವರಿಗೆ ಅದರಿಂದ ನೀರು ಬಂತೇ ಎಂದು ಕೇಳಬೇಡಿ. ಅದೇ ವರ್ಷ ಆಗಸ್ಟಿನಲ್ಲಿ ಬಂದ ಅಂತಿಮ ತೀರ್ಪು ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಕೊಟ್ಟಿತು. ನೀರು ಕಾಗದದಿಂದ ಕಾಲುವೆಗೆ ಇಳಿಯುವುದು ಇನ್ನೂ ಬಾಕಿ ಇತ್ತು.

1985ರ ನಂತರ ಕರ್ನಾಟಕದಲ್ಲಿ ಆಳುವ ಪಕ್ಷ ವಿಧಾನಸಭಾ ಚುನಾವಣೆ ಗೆದ್ದು ಮರಳಿಲ್ಲ. ಇದನ್ನು ಜನರ ಎಚ್ಚರಕ್ಕೆ ಸಾಕ್ಷಿ ಎಂದು ಹೊಗಳುವವರಿದ್ದಾರೆ. ಇನ್ನೊಂದು ಕಡೆಯಿಂದಲೂ ನೋಡಬಹುದು. 2018ರಲ್ಲಿ ಆಳುತ್ತಿದ್ದ ಕಾಂಗ್ರೆಸ್ಸಿಗೆ ಶೇ 38 ಮತ, 80 ಸ್ಥಾನ. ಬಿಜೆಪಿಗೆ ಶೇ 36, ಸ್ಥಾನ 104. ಮತ್ತೆ 1983ರದೇ ಚಿತ್ರ. 2023ರದು ಇನ್ನೂ ವಿಚಿತ್ರ. 40 ಪರ್ಸೆಂಟ್ ಕಮಿಷನ್ ಎಂಬ ಗುತ್ತಿಗೆದಾರರ ಆರೋಪ, ಮುಖ್ಯಮಂತ್ರಿಯನ್ನು ಅಣಕಿಸಿದ ಪೇಸಿಎಂ ಪೋಸ್ಟರು, ಬೆಲೆಯೇರಿಕೆ ಎಲ್ಲವೂ ಬಿಜೆಪಿ ಸರ್ಕಾರದ ವಿರುದ್ಧ ಕೂಗುತ್ತಿದ್ದವು. ಫಲಿತಾಂಶ ಬಂದಾಗ ಬಿಜೆಪಿ 104ರಿಂದ 66ಕ್ಕೆ ಇಳಿದಿತ್ತು, ಮತಪ್ರಮಾಣ ಮಾತ್ರ ಇದ್ದಲ್ಲೇ ಇತ್ತು, ಶೇ 36. ಕರಗಿದ್ದು ಜೆಡಿಎಸ್, ಶೇ 18ರಿಂದ 13ಕ್ಕೆ. ಕಾಂಗ್ರೆಸ್ ಶೇ 43 ಮುಟ್ಟಿ 135 ಗೆದ್ದಿತು. ಎಲ್ಲೋ ಬಿಜೆಪಿಯಿಂದ ಹೋದ ಮತ ಇನ್ನೆಲ್ಲೋ ಅದಕ್ಕೇ ಬಂದು ಭರ್ತಿಯಾಗಿರಬಹುದು, ಅದೂ ನಿಜ. ಆದರೂ ಒಟ್ಟು ರಾಜ್ಯದ ಲೆಕ್ಕದಲ್ಲಿ ಸರ್ಕಾರದ ಮೇಲಿನ ಸಿಟ್ಟು ಸರ್ಕಾರದ ಮತವನ್ನು ಕರಗಿಸಲಿಲ್ಲ, ಅದರ ಎದುರಿನ ಮತವನ್ನು ಒಂದೆಡೆ ಸೇರಿಸಿತು. 1983ರಲ್ಲಿ ಆ ಸೇರ್ಪಡೆಯನ್ನು ನಾಯಕರು ಕೂತು ಮಾಡಿದ್ದರು. ಈ ಸಲ ಮತದಾರರೇ ಮಾಡಿಕೊಂಡರು.

ಎರಡು ಸರ್ಕಾರಗಳನ್ನು ದಾಟಿದ ಸಿಟ್ಟಿನ ಉದಾಹರಣೆಯೂ ಹತ್ತಿರದಲ್ಲೇ ಇದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಕೈಗಾರಿಕೆಗೆಂದು ಗುರುತಿಸಿದ 1,777 ಎಕರೆ ಬಿಡುವುದಿಲ್ಲ ಎಂದು 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ಆಗ ಬಿಜೆಪಿ ಸರ್ಕಾರ. ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ರೈತರ ಪರ ಮಾತಾಡಿದರು. ಸರ್ಕಾರ ಬದಲಾಯಿತು, ಅವರೇ ಮುಖ್ಯಮಂತ್ರಿಯಾದರು, ಭೂಸ್ವಾಧೀನದ ಕಡತ ಮಾತ್ರ ನಿಲ್ಲಲಿಲ್ಲ. 2025ರ ಜೂನ್ 25ರಂದು ‘ದೇವನಹಳ್ಳಿ ಚಲೋ’ಕ್ಕೆ ಬಂದವರನ್ನು ಪೊಲೀಸರು ಎಳೆದು ವ್ಯಾನಿಗೆ ಹತ್ತಿಸಿದರು. ಜುಲೈ 15ರಂದು ಮುಖ್ಯಮಂತ್ರಿ ಸ್ವಾಧೀನ ಕೈಬಿಟ್ಟದ್ದಾಗಿ ಘೋಷಿಸಿದರು. ರೈತರು ಗೆದ್ದದ್ದು ಮತಪೆಟ್ಟಿಗೆಯಲ್ಲಲ್ಲ. ಮೂರು ವರ್ಷಕ್ಕೂ ಮೇಲೆ ಕದಲದೆ ಕೂತು, ದಲಿತ, ಕಾರ್ಮಿಕ, ವಿದ್ಯಾರ್ಥಿ ಸಂಘಟನೆಗಳನ್ನೂ ಲೇಖಕರನ್ನೂ ಜೊತೆಗೆ ಕಟ್ಟಿಕೊಂಡು ಗೆದ್ದರು. ಬೆಂಗಳೂರಿನ ಮಗ್ಗುಲಲ್ಲೇ ಇದ್ದದ್ದು, ಕ್ಯಾಮೆರಾಗಳು ಒಂದು ಗಂಟೆಯಲ್ಲಿ ತಲುಪುವಂತಿದ್ದದ್ದು ಅವರಿಗೆ ನೆರವಾಯಿತು. ಅದಿಲ್ಲದ ದೂರದ ಹಳ್ಳಿಗಳ ಮಾತು ಬೇರೆ.

ಆ ದೂರದ ಹಳ್ಳಿಯ ಸಿಟ್ಟಿಗೆ ಹತ್ತಿರದಲ್ಲೇ ಒಂದು ಬಾಗಿಲು ಬೇಕೆಂದು ಒಮ್ಮೆ ಈ ರಾಜ್ಯಕ್ಕೆ ಅನ್ನಿಸಿತ್ತು. ನರಗುಂದದ ಪೆಟ್ಟು ತಿಂದ ವ್ಯವಸ್ಥೆಯಿಂದಲೇ ಬಂದ ಹೆಗಡೆ ಸರ್ಕಾರ, ಮಂತ್ರಿ ಅಬ್ದುಲ್ ನಜೀರ್ ಸಾಬರ ಹಟದಿಂದ, ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಕಾಯ್ದೆ ತಂದು 1987ರ ಜನವರಿಯಲ್ಲಿ ಚುನಾವಣೆ ನಡೆಸಿತು, ಹೆಂಗಸರಿಗೆ ಶೇ 25 ಸ್ಥಾನ ಕಾದಿರಿಸಿ. ಬೋರ್‌ವೆಲ್ ಕೆಟ್ಟರೆ, ಮೇಷ್ಟ್ರು ಬರದಿದ್ದರೆ ವಿಧಾನಸೌಧಕ್ಕೆ ಶಾಪ ಹಾಕುವ ಬದಲು ಪಕ್ಕದ ಓಣಿಯ ಸದಸ್ಯನ ಅಂಗಿ ಹಿಡಿದು ಕೇಳಬಹುದಿತ್ತು. ಅದೇ ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ನಡೆದು, 2021ರಲ್ಲಿ ಅವಧಿ ಮುಗಿದ ಮೇಲೆ, ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂದು ವರ್ಷಗಟ್ಟಲೆ ಮತದಾನವೇ ಆಗಲಿಲ್ಲ. ಮೊದಲು ಬಿಜೆಪಿ ಮುಂದೂಡಿತು, ಆಮೇಲೆ ಕಾಂಗ್ರೆಸ್ ಮುಂದೂಡಿತು. ಬೆಂಗಳೂರು ಪಾಲಿಕೆಯ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ, ಅಲ್ಲೂ ಆಡಳಿತಾಧಿಕಾರಿಗಳೇ ಕೂತರು. ವಿರೋಧದಲ್ಲಿದ್ದಾಗ ಚುನಾವಣೆ ನಡೆಸಿ ಎಂದು ಒತ್ತಾಯಿಸಿದವರೇ ಅಧಿಕಾರಕ್ಕೆ ಬಂದ ಮೇಲೆ ಕೋರ್ಟಿನಲ್ಲಿ ಕಾಲಾವಕಾಶ ಕೇಳಿದರು.